ಚಕ್ರದೊಳಗೆ ಮಣಿ ಹಾಕಿದರೆ ಸಾಕೇ?

ಕಳೆದ ತಿಂಗಳು ಒಂದು ಆದಿತ್ಯವಾರ ಮಧ್ಯಾಹ್ನ ಹೊಸೂರಿನ ನಮ್ಮ ಸಂಘದ ಕೋಣೆಗೆ ಒಬ್ಬ ಲಾರಿ ಡ್ರೈವರು ಬಂದು, ಕೈಚೀಲದಿಂದ ಎರಡು ವಸ್ತುಗಳನ್ನು ತೆಗೆದು ಮೇಜಿನ ಮೇಲಿಟ್ಟನು. ಒಂದು, ಗಸಗಸೆಗಿಂತ ಸ್ವಲ್ಪ ದಪ್ಪನೆಯ ಗಾಜಿನ ಮಣಿಗಳ ಪ್ಯಾಕೆಟ್ಟು. ಇನ್ನೊಂದು, ಮಾಲೀಕರ ಗುಮಾಸ್ತನು ಬರೆದುಕೊಟ್ಟ ಚೀಟಿ. ಚೀಟಿಯಲ್ಲಿ ಎರಡೇ ಸಾಲು. ಮುಂದಿನ ಟಯರು ಅಕಾಲದಲ್ಲಿ ಸವೆಸಿದ ಬಾಬ್ತು ೪,೫೦೦ ರೂಪಾಯಿ. ಮಣಿಯ ಖರ್ಚಿನಲ್ಲಿ ಅರ್ಧ ೬೦೦ ರೂಪಾಯಿ. ಎರಡನ್ನೂ ಅವನ ಬ್ಯಾಟಾ ಹಣದಿಂದ ಮುರಿದುಕೊಳ್ಳಲಾಗಿತ್ತು.

"ಈ ಮಣಿಯನ್ನು ಟಯರಿನೊಳಗೆ ಹಾಕಿಸಿಕೊಂಡರೆ ಲಾರಿ ನಡುಗುವುದಿಲ್ಲ, ಟಯರು ಸವೆಯುವುದಿಲ್ಲ, ಇನ್ನು ಮೇಲೆ ಸವೆದರೆ ಪೂರ್ತಿ ನಿನ್ನದೇ ತಪ್ಪು ಅಂತ ಹೇಳಿದ್ದಾರೆ. ಇದು ನಿಜವೋ ಸುಳ್ಳೋ ನೀವೇ ಹೇಳಬೇಕು" ಎಂದು ಅವನು ಕೇಳಿದನು.

ನಾನು ಎಸ್ಸೆಸ್ಸೆಲ್ಸಿ ಓದಿದವನೇ ಹೊರತು ಎಂಜಿನಿಯರನಲ್ಲ. ಆದರೆ ಲಾರಿಗಳ ನಡುವೆ ಓಡಾಡಿ ಅಭ್ಯಾಸವಿದೆ. ಕೆಲಸದಿಂದ ನಿವೃತ್ತನಾದ ಒಬ್ಬ ಮೆಕ್ಯಾನಿಕ್‌ನನ್ನೂ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರೊಬ್ಬರನ್ನೂ ಕೂರಿಸಿಕೊಂಡು ಮೂರು ಸಂಜೆ ಈ ವಿಷಯವನ್ನು ವಿಚಾರಿಸಿದೆನು. ಲೆಕ್ಕ ಮೇಷ್ಟ್ರದು, ಅನುಭವ ಮೆಕ್ಯಾನಿಕ್‌ನದು, ಅಭಿಪ್ರಾಯ ಮಾತ್ರ ನನ್ನದು. ನಮ್ಮ ವಾಚಕರಲ್ಲಿ ಡ್ರೈವರುಗಳೂ ಕ್ಲೀನರುಗಳೂ ಟಯರು ಅಂಗಡಿಯ ಹುಡುಗರೂ, ಒಂದೆರಡು ಲಾರಿ ಇಟ್ಟುಕೊಂಡ ಚಿಕ್ಕ ಮಾಲೀಕರೂ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರೋಗವೇನೆಂದು ನೋಡೋಣ. ಯಾವ ಟಯರೂ ಸುತ್ತಲೂ ಒಂದೇ ತೂಕವಾಗಿರುವುದಿಲ್ಲ. ರಬ್ಬರಿನ ಪದರಗಳು ಒಂದರ ಮೇಲೊಂದು ಕೂಡುವ ಜಾಗದಲ್ಲಿ ಸ್ವಲ್ಪ ಹೆಚ್ಚು, ಇನ್ನೊಂದು ಕಡೆ ಸ್ವಲ್ಪ ಕಡಿಮೆ. ಡಿಸ್ಕಿನಲ್ಲೂ ಹಾಗೆಯೇ, ಟ್ಯೂಬಿನ ವಾಲ್ವಿನಲ್ಲೂ ಹಾಗೆಯೇ. ಹಳೆಯ ಕ್ಲೀನರುಗಳಿಗೆ ಇದು ಗೊತ್ತು. ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ, ಕೈಯಿಂದ ಮೆಲ್ಲಗೆ ತಿರುಗಿಸಿ ಬಿಟ್ಟರೆ, ಬೇರಿಂಗು ಸಡಿಲವಾಗಿ ತಿರುಗುವಂತಿದ್ದಲ್ಲಿ ಭಾರವಾದ ಮಗ್ಗುಲು ತಾನಾಗಿಯೇ ಕೆಳಗೆ ಬಂದು ನಿಲ್ಲುತ್ತದೆ. ಇಷ್ಟೇ ಅಸಮತೋಲ. ನಿಂತ ಲಾರಿಯಲ್ಲಿ ಇದರಿಂದ ಯಾವ ಹಾನಿಯೂ ಇಲ್ಲ.

ಓಡುವಾಗ ಕತೆ ಬೇರೆ. ನಮ್ಮ ಕಡೆಯ ಲಾರಿಗಳಿಗೆ ಸಾಮಾನ್ಯವಾಗಿ ಹಾಕುವ ೧೦.೦೦-೨೦ ಅಳತೆಯ ಟಯರು ಒಂದು ಸುತ್ತಿಗೆ ಸುಮಾರು ಮೂರು ಕಾಲು ಮೀಟರು ಮುಂದೆ ಹೋಗುತ್ತದೆ. ಅಂದರೆ ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವಷ್ಟರಲ್ಲಿ ಒಂದೊಂದು ಚಕ್ರವೂ ಹದಿನೈದು ಸಾವಿರ ಸಲ ತಿರುಗಿರುತ್ತದೆ. ಗಂಟೆಗೆ ೮೦ ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಏಳು ಸುತ್ತು. ಟಯರಿನ ಹೊರಮೈಯಲ್ಲಿ ಒಂದು ಕಡೆ ಬರೇ ೧೦೦ ಗ್ರಾಂ, ಎಂದರೆ ಒಂದು ಸಾಬೂನಿನಷ್ಟು ತೂಕ ಹೆಚ್ಚಾಗಿದ್ದರೆ, ಆ ವೇಗದಲ್ಲಿ ಅದು ಚಕ್ರವನ್ನು ಹತ್ತು ಕಿಲೋ ಬಲದಿಂದ ಹೊರಕ್ಕೆ ಎಳೆಯುತ್ತದೆ. ಸೆಕೆಂಡಿಗೆ ಏಳು ಸಲ ಮೇಲಕ್ಕೆ, ಏಳು ಸಲ ಕೆಳಕ್ಕೆ. ೪೦ ಕಿ.ಮೀ. ವೇಗದಲ್ಲಾದರೋ ಅದೇ ೧೦೦ ಗ್ರಾಂ ಎಳೆಯುವುದು ಎರಡೂವರೆ ಕಿಲೋ ಮಾತ್ರ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆಂದು ಮೇಷ್ಟ್ರು ಹಲಗೆಯ ಮೇಲೆ ಬರೆದು ತೋರಿಸಿದರು.

ಇದರಿಂದಲೇ ಇನ್ನೊಂದು ಪ್ರಶ್ನೆಗೂ ಉತ್ತರ ಸಿಕ್ಕಿತು. ನಮ್ಮ ತಂದೆಯವರ ಕಾಲದಲ್ಲಿ ಲಾರಿ ಚಕ್ರಕ್ಕೆ ಬ್ಯಾಲೆನ್ಸಿಂಗ್ ಮಾಡಿಸಿದವರನ್ನು ಯಾರೂ ಕಾಣೆವು. ಕಾರಿಗಾದರೆ ಸರಿ, ಲಾರಿಗೆ ಯಾಕೆ ಎಂಬ ಮಾತು. ಆಗ ಒಂಟಿ ರಸ್ತೆ, ನೈಲಾನ್ ಟಯರು, ನಲವತ್ತೋ ಐವತ್ತೋ ವೇಗ. ರಸ್ತೆಯ ಗುಂಡಿಯೇ ಅಷ್ಟೊಂದು ಕುಲುಕುತ್ತಿದ್ದಾಗ ಚಕ್ರದ ನಡುಕವನ್ನು ಕೇಳುವವರಾರು? ಈಗ ಅದೇ ಕೃಷ್ಣಗಿರಿ ರಸ್ತೆ ಆರು ಪಥವಾಗಿದೆ. ಟಯರು ರೇಡಿಯಲ್ ಆಗಿದೆ. ಲಾರಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುತ್ತದೆ. ಆದರೂ "ಲಾರಿಗೆ ಯಾಕೆ" ಎಂಬ ಹಳೆಯ ಮಾತು ಮಾತ್ರ ಷೆಡ್ಡಿನಲ್ಲಿ ಹಾಗೆಯೇ ಉಳಿದಿದೆ.

ಹಳೆಯ ಮದ್ದು ಎಲ್ಲರಿಗೂ ಗೊತ್ತಿರುವಂಥದು. ಚಕ್ರವನ್ನು ಯಂತ್ರದ ಮೇಲೆ ತಿರುಗಿಸಿ, ಹಗುರವಾದ ಕಡೆಯಲ್ಲಿ ಡಿಸ್ಕಿನ ಅಂಚಿಗೆ ತೂಕದ ತುಂಡನ್ನು ಬಡಿದು ಕೂರಿಸುವುದು. ಈ ಮದ್ದಿನಲ್ಲಿ ಸುಳ್ಳಿಲ್ಲ; ಎಷ್ಟು ಗ್ರಾಂ, ಯಾವ ಕಡೆ ಎಂದು ಯಂತ್ರ ಲೆಕ್ಕ ಹೇಳುತ್ತದೆ. ಆದರೆ ನೂರು ಕಿಲೋ ಹತ್ತಿರ ತೂಗುವ ಲಾರಿ ಚಕ್ರವನ್ನು ಹೊರುವ ಯಂತ್ರ ಎಲ್ಲಾ ಅಂಗಡಿಯಲ್ಲೂ ಇಲ್ಲ. ಚಕ್ರ ಬಿಚ್ಚಬೇಕು, ಅರ್ಧ ದಿನ ಲಾರಿ ನಿಲ್ಲಬೇಕು. ತುಂಡು ಕಲ್ಲಿಗೆ ತಾಗಿ ಉದುರಿದರೆ ಮಾಡಿದ ಕೆಲಸ ನೀರುಪಾಲು. ಟಯರು ಸವೆಯುತ್ತಾ ಹೋದಂತೆ ಭಾರದ ಮಗ್ಗುಲೂ ಬದಲಾಗುತ್ತದೆ, ಆದರೆ ತುಂಡು ಮೊದಲಿನ ಜಾಗದಲ್ಲೇ ಕೂತಿರುತ್ತದೆ. ತುಂಡು ಸೀಸದ್ದಾಗಿದ್ದರೆ ಅದು ರಸ್ತೆಯಲ್ಲಿ ಬಿದ್ದು ಅರೆದು ಧೂಳಾಗುವುದೂ ಒಳ್ಳೆಯದಲ್ಲ. ಯುರೋಪಿನ ಒಕ್ಕೂಟದವರು ೨೦೦೫ರಲ್ಲಿ ಹೊಸ ಕಾರುಗಳಿಗೂ ಸಣ್ಣ ವ್ಯಾನುಗಳಿಗೂ ಸೀಸದ ತುಂಡು ಹಾಕುವುದನ್ನು ನಿಲ್ಲಿಸಿದರು.

ಈ ತೊಂದರೆಗಳನ್ನೆಲ್ಲಾ ತಪ್ಪಿಸುವುದಾಗಿ ಹೇಳಿಕೊಂಡು ಬಂದದ್ದೇ ಮಣಿ ಮತ್ತು ದ್ರವ. ಗಾಜಿನದೋ ಪಿಂಗಾಣಿಯದೋ ಪ್ಲಾಸ್ಟಿಕ್ಕಿನದೋ ಸಣ್ಣ ಮಣಿಗಳನ್ನು, ಲಾರಿ ಟಯರಿಗಾದರೆ ೩೦೦ ಗ್ರಾಂ ಆಸುಪಾಸು, ಟಯರಿನ ಅಥವಾ ಟ್ಯೂಬಿನ ಒಳಕ್ಕೆ ಬಿಡುವುದು. ಅವು ಎಲ್ಲಿಗೂ ಅಂಟಿಕೊಂಡಿರುವುದಿಲ್ಲ. ಚಕ್ರ ತಿರುಗಿದಾಗ ಒಳಮೈಗೆ ಹರಡಿಕೊಂಡು, ಹಗುರವಾದ ಕಡೆಗೆ ತಾವಾಗಿ ಸೇರಿಕೊಳ್ಳುತ್ತವೆಂದು ಮಾರುವವರ ಮಾತು.

ಕೇಳಿದರೆ ಮಂತ್ರದಂತೆ ಕಾಣುತ್ತದೆ, ಆದರೆ ಮಂತ್ರವಲ್ಲ. ಇ. ಎಲ್. ಥಿಯರ್ಲ್ ಎಂಬ ಅಮೆರಿಕದ ಎಂಜಿನಿಯರು, ತೋಡಿನಲ್ಲಿ ಸ್ವತಂತ್ರವಾಗಿ ಓಡಾಡುವ ಗುಂಡುಗಳಿಂದ ತಿರುಗುವ ಯಂತ್ರಭಾಗವನ್ನು ಸಮತೋಲಕ್ಕೆ ತರುವ ರೀತಿಯನ್ನು ೧೯೩೨ರಲ್ಲೇ ಬರೆದಿಟ್ಟರು. ಅನುಕೂಲಸ್ಥರ ಮನೆಯ ಬಟ್ಟೆ ಒಗೆಯುವ ಯಂತ್ರಗಳಲ್ಲಿ ಹಲವಕ್ಕೆ ತಿರುಗುವ ಡ್ರಮ್ಮಿನ ಅಂಚಿನಲ್ಲಿ ಉಪ್ಪುನೀರು ತುಂಬಿದ ಒಂದು ಬಳೆ ಇರುತ್ತದೆ. ಒದ್ದೆ ಬಟ್ಟೆ ಒಂದು ಕಡೆ ಗುಡ್ಡೆಯಾದರೆ ನೀರು ಎದುರು ಕಡೆಗೆ ಸರಿದು ಡ್ರಮ್ಮನ್ನು ಸಮ ಮಾಡುತ್ತದೆ. ಆದಕಾರಣ ಮಣಿ ಎಂದರೆ ಬರೇ ಮೋಸ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗೆಂದು ಮಾರುವವರ ಮಾತನ್ನೂ ಒಪ್ಪುವಂತಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಮನೆಯಲ್ಲೇ ಮಾಡಿ ನೋಡಿ: ಒಂದು ರಬ್ಬರು ದಾರಕ್ಕೆ ಸಣ್ಣ ಕಲ್ಲು ಕಟ್ಟಿ ನೇತಾಡಿಸಿ, ಕೈಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿರಿ. ಕಲ್ಲು ಕೈಯ ಜೊತೆಯಲ್ಲೇ ಮೇಲೆ ಕೆಳಗೆ ಹೋಗುತ್ತದೆ. ಕೈಯನ್ನು ಬಹಳ ಬೇಗ ಆಡಿಸಿರಿ. ಈಗ ಕೈ ಮೇಲೆ ಹೋದಾಗ ಕಲ್ಲು ಕೆಳಗೆ, ಕೈ ಕೆಳಗೆ ಬಂದಾಗ ಕಲ್ಲು ಮೇಲೆ. ಪ್ರತಿಯೊಂದು ನೇತಾಡುವ ವಸ್ತುವಿಗೂ, ಸ್ಪ್ರಿಂಗಿನ ಮೇಲೆ ಕೂತ ವಸ್ತುವಿಗೂ ತನ್ನದೇ ಆದ ಒಂದು ಕುಣಿತದ ವೇಗ ಉಂಟು. ಅದಕ್ಕಿಂತ ನಿಧಾನವಾಗಿ ಅಲುಗಾಡಿಸಿದರೆ ಅದು ಜೊತೆಗೆ ಬರುತ್ತದೆ. ಅದನ್ನು ಮೀರಿ ಅಲುಗಾಡಿಸಿದರೆ ಎದುರು ಬರುತ್ತದೆ. ಗುಂಡುಗಳು ಹಗುರ ಕಡೆಗೆ ಸರಿಯುವುದು ಈ ಎರಡನೆಯ ಸ್ಥಿತಿಯಲ್ಲಿ ಮಾತ್ರ. ಮೊದಲನೆಯ ಸ್ಥಿತಿಯಲ್ಲಿ ಅವು ಭಾರದ ಕಡೆಗೇ ಸೇರಿ, ಇರುವ ನಡುಕವನ್ನು ಹೆಚ್ಚಿಸಲೂಬಹುದು.

ಒಗೆಯುವ ಯಂತ್ರದ ಡ್ರಮ್ಮು ಬಟ್ಟೆ ಹಿಂಡುವಾಗ ತನ್ನ ಕುಣಿತದ ವೇಗವನ್ನು ಎಷ್ಟೋ ಮೀರಿ ತಿರುಗುತ್ತದೆ. ಲಾರಿ ಚಕ್ರ? ಲಾರಿಯ ಆಕ್ಸಲು ಟಯರಿನ ಮೇಲೆ ಕುಣಿಯುವುದು ಸಾಮಾನ್ಯವಾಗಿ ಸೆಕೆಂಡಿಗೆ ಹತ್ತರಿಂದ ಹದಿನೈದು ಸಲ. ಎಂಬತ್ತರ ವೇಗದಲ್ಲೂ ಚಕ್ರ ತಿರುಗುವುದು ಏಳೇ ಸಲ ಎಂದು ಮೇಲೆ ಲೆಕ್ಕ ಹಾಕಿದೆವು. ಅಂದರೆ ಆ ಕುಣಿತದ ಮಟ್ಟಿಗೆ ನಮ್ಮ ಲಾರಿ ಗೆರೆಯ ಈಚೆಯೇ ಇದೆ. ಆಕ್ಸಲಿಗೆ ಅಡ್ಡಡ್ಡ ಅಲುಗಾಟ, ಸ್ಟೇರಿಂಗಿನ ತೊನೆತ ಎಂಬ ಬೇರೆ ಕುಣಿತಗಳೂ ಉಂಟು, ಒಂದೊಂದರ ವೇಗವೂ ಬೇರೆ. ಹೊರೆ, ಸ್ಪ್ರಿಂಗು, ಗಾಳಿಯ ಒತ್ತಡ ಬದಲಾದರೆ ಇದೂ ಬದಲಾಗುತ್ತದೆ. ಒಬ್ಬ ಡ್ರೈವರು "ಮಣಿ ಹಾಕಿದ ಮೇಲೆ ಲಾರಿ ದೋಣಿ ಹೋದ ಹಾಗೆ ಹೋಗುತ್ತದೆ" ಎನ್ನುವುದೂ, ಅದೇ ಷೆಡ್ಡಿನ ಇನ್ನೊಬ್ಬನು "ದುಡ್ಡು ದಂಡ" ಎಂದು ಉಗುಳುವುದೂ ಇದರಿಂದಲೇ ಇರಬೇಕು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನನ್ನ ಅಭಿಪ್ರಾಯವಿಷ್ಟು. ಯಂತ್ರದ ಮೇಲೆ ಬ್ಯಾಲೆನ್ಸ್ ಮಾಡಿಸಲು ಅನುಕೂಲವಿರುವಲ್ಲಿ ಮುಂದಿನ ಎರಡು ಚಕ್ರಗಳಿಗಾದರೂ ಅದನ್ನೇ ಮಾಡಿಸಬೇಕು. ಅನುಕೂಲವಿಲ್ಲದಲ್ಲಿ ಮಣಿಯನ್ನು ಪರೀಕ್ಷೆಗೆಂದು ಹಾಕಬಹುದು. ಆದರೆ ಪರೀಕ್ಷೆ ಎಂದರೆ ಪರೀಕ್ಷೆ. ಅದೇ ಲಾರಿ, ಅದೇ ರಸ್ತೆ, ಹೆಚ್ಚುಕಡಿಮೆ ಅದೇ ಹೊರೆ. ಹಾಕುವ ಮೊದಲು ಒಂದು ಟ್ರಿಪ್ಪು, ಹಾಕಿದ ಮೇಲೆ ಒಂದು ಟ್ರಿಪ್ಪು. ಯಾವ ವೇಗದಲ್ಲಿ ಸ್ಟೇರಿಂಗು ನಡುಗಿತು ಎಂದು ಡ್ರೈವರೇ ಬರೆದಿಡಲಿ. ಪ್ಯಾಕೆಟ್ಟಿನ ಮೇಲಿನ ಅಚ್ಚಿಗಿಂತ ಆ ಪುಸ್ತಕದ ಮೇಲೆ ನನಗೆ ಭರವಸೆ ಹೆಚ್ಚು.

ಮಣಿ ಹಾಕುವವರು ಕೆಲವು ಸಂಗತಿ ತಿಳಿದಿರಬೇಕು. ಒಳಗೆ ನೀರಿದ್ದರೆ ಮಣಿ ಒಂದಕ್ಕೊಂದು ಅಂಟಿ ಉಂಡೆಯಾಗುತ್ತದೆ. ಆಗ ಇದ್ದ ಅಸಮತೋಲದ ಜೊತೆಗೆ ಹೊಸದೊಂದು ಸೇರಿತು. ನಮ್ಮ ಅಂಗಡಿಗಳ ಕಂಪ್ರೆಸರು ಟ್ಯಾಂಕಿನ ಅಡಿಯಲ್ಲಿ ನೀರು ನಿಂತಿರುವುದು ಸಾಮಾನ್ಯ. ದಿನಾ ಬೆಳಿಗ್ಗೆ ಅದನ್ನು ಬಿಡುವ ಅಂಗಡಿಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಟ್ಯೂಬಿಲ್ಲದ ಟಯರನ್ನು ಕೂರಿಸುವಾಗ ಬಳಿಯುವ ಸಾಬೂನುನೀರು ಒಳಕ್ಕೆ ಇಳಿದರೂ ಇದೇ ಗತಿ. ಇನ್ನು ವಾಲ್ವು: ಸಾಧಾರಣ ವಾಲ್ವಿನಲ್ಲಿ ಮಣಿ ಸಿಕ್ಕಿಕೊಂಡರೆ ಗಾಳಿ ಮೆಲ್ಲಗೆ ಸೋರಿ, ರಾತ್ರಿಯೆಲ್ಲಾ ಗಾಳಿ ಕಡಿಮೆಯಾದ ಟಯರಿನ ಮೇಲೆ ಲಾರಿ ಓಡುತ್ತದೆ. ಅದಕ್ಕೆಂದೇ ಜಾಲರಿ ಇರುವ ವಾಲ್ವು ಕಡ್ಡಿ ಬರುತ್ತದೆ, ಅದನ್ನೇ ಹಾಕಿಸಬೇಕು. ಗಾಳಿ ಅಳೆಯುವ ಮೊದಲು ವಾಲ್ವು ಮೇಲ್ಭಾಗಕ್ಕೆ ಬರುವಂತೆ ಚಕ್ರ ನಿಲ್ಲಿಸಿ, ಒಂದು ಸಲ ಒಳಕ್ಕೆ ಗಾಳಿ ಊದಿ, ಆಮೇಲೆ ಗೇಜು ಹಿಡಿಯಬೇಕು. ಲಾರಿ ನಿಂತಾಗೆಲ್ಲಾ ಮಣಿಗಳು ಕೆಳಗೆ ಸುರಿದುಬಿಡುತ್ತವೆ. ವೇಗ ಬಂದ ಮೇಲೆ ಮತ್ತೆ ತಮ್ಮ ಜಾಗ ಹುಡುಕಬೇಕು. ಅತ್ತಿಬೆಲೆಯಿಂದ ಬೆಂಗಳೂರಿನ ಒಳಕ್ಕೆ ಹತ್ತು ಹೆಜ್ಜೆಗೊಮ್ಮೆ ನಿಂತು ಹೋಗುವ ಲಾರಿಗೆ ಇದರಿಂದ ಏನು ಪ್ರಯೋಜನವೋ ನನಗೆ ಕಾಣದು.

ದ್ರವದ ವಿಷಯದಲ್ಲಿ ನಾನು ಇನ್ನೂ ಬಿಗಿ. ಅಂಗಡಿಯಲ್ಲಿ ಸಿಗುವ ಬಾಟಲಿಗಳಲ್ಲಿ ಹೆಚ್ಚಿನವು ಪಂಕ್ಚರು ಮುಚ್ಚುವ ದ್ರವ. ಅದರ ಮೇಲೆಯೇ "ಬ್ಯಾಲೆನ್ಸಿಂಗೂ ಆಗುತ್ತದೆ" ಎಂದು ಇನ್ನೊಂದು ಗುಣ ಅಚ್ಚುಹಾಕಿರುತ್ತಾರೆ. ಪಂಕ್ಚರು ಮುಚ್ಚಬೇಕಾದರೆ ದ್ರವ ಗಟ್ಟಿಯಾಗಿ, ನಾರಿನಿಂದ ಕೂಡಿ, ತೂತಿಗೆ ಅಂಟುವಂತಿರಬೇಕು. ಸಮತೋಲಕ್ಕೆ ಬರಬೇಕಾದರೆ ಸಲೀಸಾಗಿ ಹರಿದಾಡುವಂತಿರಬೇಕು. ಒಂದೇ ಬಾಟಲಿ ಎರಡೂ ಆಗುವುದು ಕಷ್ಟ. ರಾತ್ರಿ ನಿಂತ ಲಾರಿಯಲ್ಲಿ ಅದೆಲ್ಲಾ ಟಯರಿನ ಅಡಿಗೆ ಇಳಿದು ಮಡುಗಟ್ಟಿರುತ್ತದೆ. ಬೆಳಿಗ್ಗೆ ಹೊರಟ ಲಾರಿ ಸ್ವಲ್ಪ ದೂರ ಕುಂಟುತ್ತಾ ಹೋಗುವುದನ್ನು ಡ್ರೈವರುಗಳೇ ಹೇಳುತ್ತಾರೆ. ಒಳಗೆ ಹಾಕಿದ ವಸ್ತುವಿನಿಂದ ಒಳಪದರ ಕೆಟ್ಟರೆ ಗ್ಯಾರಂಟಿ ಕೊಡುವುದಿಲ್ಲವೆಂದು ಹೇಳುವ ಟಯರು ಕಂಪನಿಗಳೂ ಉಂಟು. ಮೇಲಾಗಿ ಇಂಥ ದ್ರವಗಳಲ್ಲಿ ಹಲವಕ್ಕೆ ಎಥಿಲೀನ್ ಗ್ಲೈಕಾಲ್ ಸೇರಿರುತ್ತದೆ. ರೇಡಿಯೇಟರಿಗೆ ಹಾಕುವ ಕೂಲೆಂಟಿನಲ್ಲಿರುವುದೂ ಅದೇ. ರುಚಿ ಸಿಹಿ, ಹೊಟ್ಟೆಗೆ ಹೋದರೆ ವಿಷ, ಮೂತ್ರಪಿಂಡವನ್ನು ಕೆಡಿಸುತ್ತದೆ. ಟಯರು ಬಿಚ್ಚಿದಾಗ ಅಂಗಡಿಯ ಮುಂದಿನ ಮೋರಿಗೆ ಅದನ್ನು ಸುರಿಯುವುದನ್ನೂ, ಅದೇ ಕೈಯಲ್ಲಿ ಹುಡುಗ ಬನ್ನು ತಿನ್ನುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಆ ಹುಡುಗನ ಮಾತು ಬಂದದ್ದರಿಂದ ಇನ್ನೆರಡು ಮಾತು ಬರೆಯಲೇಬೇಕು. ಮಣಿಯೋ ದ್ರವವೋ ಎಂದು ಚರ್ಚಿಸುವವರೆಲ್ಲಾ ಲಾರಿಯ ಲೆಕ್ಕ ಹೇಳುತ್ತಾರೆ, ಟಯರು ಬಿಚ್ಚುವವನ ಲೆಕ್ಕ ಹೇಳುವುದಿಲ್ಲ. ಟ್ಯೂಬು ಟಯರಿನ ಡಿಸ್ಕಿಗೆ ಪಕ್ಕದಲ್ಲಿ ಬಿಚ್ಚಿ ಹಾಕುವ ಕಬ್ಬಿಣದ ರಿಂಗು ಇರುತ್ತದೆ. ಚದರ ಅಂಗುಲಕ್ಕೆ ನೂರು ಪೌಂಡಿಗೂ ಮೇಲಾದ ಗಾಳಿ ತುಂಬುವಾಗ ರಿಂಗು ಸರಿಯಾಗಿ ಕೂತಿಲ್ಲವಾದರೆ ಅದು ಗುಂಡಿನಂತೆ ಹಾರುತ್ತದೆ. ಎದುರಿಗಿದ್ದವನು ಉಳಿಯುವುದು ಅಪರೂಪ. ಅಮೆರಿಕದಲ್ಲಿ ೧೯೮೦ರಲ್ಲಿ ಇದಕ್ಕೆಂದೇ ಒಂದು ಕಾರ್ಮಿಕ ಸುರಕ್ಷೆಯ ನಿಯಮ ಮಾಡಿ, ಇಂಥ ಚಕ್ರಕ್ಕೆ ಕಬ್ಬಿಣದ ಪಂಜರದಂಥ ತಡೆಯೊಳಗೆ ಇಟ್ಟೇ ಗಾಳಿ ತುಂಬಬೇಕು, ಕೆಲಸಗಾರನಿಗೆ ತರಬೇತಿ ಕೊಟ್ಟಿರಬೇಕು ಎಂದು ವಿಧಿಸಿದರು. ನಮ್ಮ ಹೆದ್ದಾರಿಯ ಪಕ್ಕದ ಅಂಗಡಿಗಳಲ್ಲಿ ಒಂದು ಸರಪಳಿ ಸುತ್ತಿದರೆ ಅದೇ ದೊಡ್ಡದು. ಹೀಗಿರುವಲ್ಲಿ ಮಣಿ ಹಾಕಲು, ಉಂಡೆಯಾದ ಮಣಿ ತೆಗೆಯಲು, ದ್ರವ ತೊಳೆಯಲು ಎಂದು ಸುಮ್ಮಸುಮ್ಮನೆ ಟಯರು ಬಿಚ್ಚಿಸುವವರು, ಪ್ರತಿ ಸಲವೂ ಒಬ್ಬನನ್ನು ಆ ರಿಂಗಿನ ಎದುರು ಕೂರಿಸುತ್ತಿದ್ದೇವೆಂದು ನೆನಪಿಡಬೇಕು. ಹಾಕಲೇಬೇಕಾದರೆ ಹೊಸ ಟಯರು ಕೂರಿಸುವಾಗಲೇ ಹಾಕಲಿ. ಒಳಗೆ ಏನು ಹಾಕಿದೆ ಎಂದು ಡಿಸ್ಕಿನ ಮೇಲೆ ಬಣ್ಣದಲ್ಲಿ ಬರೆಯಲಿ. ಮುಂದೆ ವಾಲ್ವು ಬಿಚ್ಚುವವನ ಕಣ್ಣಿಗೆ ಏನು ಹಾರೀತೆಂದು ಅವನಿಗೆ ಮೊದಲೇ ತಿಳಿಯಬೇಕಲ್ಲವೇ?

ಈಗ ನಮ್ಮ ಡ್ರೈವರನ ಟಯರಿಗೆ ಬರೋಣ. ಅವನ ಲಾರಿಯನ್ನು ಮೆಕ್ಯಾನಿಕ್ ಜೊತೆಯಲ್ಲಿ ಹೋಗಿ ನೋಡಿದೆವು. ಎಡಗಡೆಯ ಮುಂದಿನ ಟಯರು ಸುತ್ತಲೂ ಅಂಗೈಯಗಲ ಅಂಗೈಯಗಲ ತಗ್ಗು ಬಿದ್ದು, ರೊಟ್ಟಿಯನ್ನು ಅಲ್ಲಲ್ಲಿ ಕಚ್ಚಿದ ಹಾಗಿತ್ತು. ಇಂಥ ಸವೆತ ಅಸಮತೋಲದಿಂದ ಆಗಬಹುದು. ಆದರೆ ಶಾಕ್ ಅಬ್ಸಾರ್ಬರು ಸತ್ತಿದ್ದರೂ ಆಗುತ್ತದೆ, ಚಕ್ರದ ಬೇರಿಂಗು ಸಡಿಲವಾಗಿದ್ದರೂ ಆಗುತ್ತದೆ, ಕಿಂಗ್‌ಪಿನ್ನು ಸವೆದಿದ್ದರೂ ಆಗುತ್ತದೆ. ಮೆಕ್ಯಾನಿಕ್ ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಕಡೆಗೋಲಿನಂತೆ ಅಲುಗಾಡಿಸಿದನು. ಟಕ್ ಟಕ್ ಎಂದು ಶಬ್ದ ನನಗೂ ಕೇಳಿಸಿತು. ಶಾಕ್ ಅಬ್ಸಾರ್ಬರಿನ ಮೈಯೆಲ್ಲಾ ಎಣ್ಣೆ ಸೋರಿ ಮಣ್ಣು ಮೆತ್ತಿಕೊಂಡು ಎಷ್ಟೋ ತಿಂಗಳಾದಂತಿತ್ತು. ಡಿಸ್ಕು ಬಾಗಿದ್ದರೆ, ಟಯರು ಡಿಸ್ಕಿನ ಮೇಲೆ ಓರೆಯಾಗಿ ಕೂತಿದ್ದರೆ, ಟಯರೇ ಪೂರ್ತಿ ದುಂಡಗಿಲ್ಲದಿದ್ದರೆ, ಟೋ ತಪ್ಪಿದ್ದರೆ, ಒಂದು ಬುಟ್ಟಿ ಮಣಿ ಹಾಕಿದರೂ ಗುಣವಾಗದು. ಮಣಿ ತೂಕವನ್ನು ಸರಿದೂಗಿಸಬಹುದೇ ಹೊರತು ಆಕಾರವನ್ನು ತಿದ್ದಲಾರದು, ಸವೆದ ಲೋಹವನ್ನು ತುಂಬಲಾರದು.

ಮಣಿಯ ವಿಷಯದಲ್ಲಿ ನನಗಿರುವ ದೊಡ್ಡ ಆಕ್ಷೇಪಣೆಯೇ ಇದು. ವಸ್ತು ಕೆಟ್ಟದ್ದಲ್ಲ. ಅಗ್ಗವಾಗಿ ಸಿಗುವ ಮದ್ದು ಕೈಯಲ್ಲಿದ್ದಾಗ ರೋಗ ಪರೀಕ್ಷಿಸುವ ಮನಸ್ಸೇ ಬರುವುದಿಲ್ಲ, ಅದು ಕೆಟ್ಟದ್ದು. ಬೇರಿಂಗಿಗೂ ಶಾಕ್ ಅಬ್ಸಾರ್ಬರಿಗೂ ಮಾಲೀಕರು ದುಡ್ಡು ಬಿಚ್ಚಬೇಕು. ಮಣಿಗಾದರೆ ಡ್ರೈವರನಿಂದ ಅರ್ಧ ಕಿತ್ತುಕೊಳ್ಳಬಹುದು. ಚಿಕ್ಕ ಮಾಲೀಕರ ಕಷ್ಟವೂ ನನಗೆ ಗೊತ್ತು. ಡೀಸೆಲು, ಟೋಲು, ಬ್ಯಾಂಕಿನ ಕಂತು ಎಲ್ಲಾ ಕಳೆದು ಉಳಿಯುವುದು ಸ್ವಲ್ಪವೇ. ಆದರೆ ಆ ಕಷ್ಟವನ್ನು ಇಳಿಸಬೇಕಾದ ಜಾಗ ಡ್ರೈವರನ ಊಟದ ದುಡ್ಡಲ್ಲ.

ಇನ್ನೊಂದು ಲೆಕ್ಕವನ್ನು ಮೇಷ್ಟ್ರು ಹೇಳಿದಾಗ ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಮನುಷ್ಯನ ಶರೀರ ಮೇಲೆ ಕೆಳಗೆ ಅಲುಗುವ ನಡುಕವನ್ನು ಎಷ್ಟು ತಡೆಯಬಲ್ಲದೆಂಬುದಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ೧೯೭೪ರಲ್ಲೇ ಒಂದು ಅಳತೆ ಹಾಕಿಕೊಟ್ಟಿದೆ. ಅದರ ಪ್ರಕಾರ ಕೂತ ಮನುಷ್ಯನಿಗೆ ಅತ್ಯಂತ ಹೆಚ್ಚು ತಟ್ಟುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ನಡುಕ. ಲಾರಿ ಚಕ್ರ ೫೦ರ ವೇಗದಲ್ಲಿ ತಿರುಗುವುದು ಸೆಕೆಂಡಿಗೆ ನಾಲ್ಕು ಸಲಕ್ಕೆ ಮೇಲೆ, ೬೦ರಲ್ಲಿ ಐದು, ೮೦ರಲ್ಲಿ ಏಳು. ಡ್ರೈವರು ದಿನವೆಲ್ಲಾ ಓಡಿಸುವ ವೇಗ ಯಾವುದೋ, ಅವನ ಬೆನ್ನುಮೂಳೆ ತಡೆಯಲಾರದ ವೇಗವೂ ಅದೇ. ಕಾರಿನ ಚಕ್ರ ಚಿಕ್ಕದಾದ್ದರಿಂದ ಇದಕ್ಕಿಂತ ಬೇಗ ತಿರುಗುತ್ತದೆ, ಅದರ ನಡುಕ ಕೈಗೆ ಜುಮ್ಮೆನ್ನುತ್ತದೆ. ಲಾರಿಯ ನಡುಕ ಸೀಟಿನ ಮೂಲಕ ನೇರ ಸೊಂಟಕ್ಕೆ ಏರುತ್ತದೆ. ನಲವತ್ತೈದು ದಾಟಿದ ಲಾರಿ ಡ್ರೈವರುಗಳಲ್ಲಿ ಸೊಂಟಕ್ಕೆ ಕೈ ಕೊಡದೆ ಕ್ಯಾಬಿನಿನಿಂದ ಇಳಿಯುವವರನ್ನು ನೀವು ಎಷ್ಟು ಮಂದಿ ಕಂಡಿದ್ದೀರಿ? ಟಯರು ಸವೆದರೆ ಗುಮಾಸ್ತನು ಚೀಟಿ ಬರೆಯುತ್ತಾನೆ. ಬೆನ್ನು ಸವೆದರೆ ಚೀಟಿ ಬರೆಯುವವರಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಕೆಲಸಗಾರನ ವಶಕ್ಕೆ ಒಪ್ಪಿಸಿದ ವಸ್ತು ಅವನ ಅಲಕ್ಷ್ಯದಿಂದಲೇ ನೇರವಾಗಿ ಹಾಳಾದರೆ ಮಾತ್ರ ಸಂಬಳದಲ್ಲಿ ಮುರಿದುಕೊಳ್ಳಬಹುದು, ಅದೂ ಅವನಿಗೆ ತನ್ನ ಕಾರಣ ಹೇಳಲು ಅವಕಾಶ ಕೊಟ್ಟ ಮೇಲೆ, ಎಂದು ೧೯೩೬ರ ವೇತನ ಪಾವತಿ ಕಾಯಿದೆಯಲ್ಲಿತ್ತು. ಅದರ ಜಾಗಕ್ಕೆ ಬಂದ ೨೦೧೯ರ ವೇತನ ಸಂಹಿತೆಯಲ್ಲೂ ಇದೇ ತತ್ವ ಉಳಿದಿದೆ. ಟಯರು ಓಡಿದರೆ ಸವೆಯುತ್ತದೆ, ಅದು ಹಾಳುಮಾಡಿದ್ದಲ್ಲ. ಬ್ರೇಕು ಉಜ್ಜಿ ಒಂದೇ ಕಡೆ ಚಪ್ಪಟೆ ಮಾಡಿದ್ದರೆ, ಗಾಳಿ ಇಲ್ಲವೆಂದು ತಿಳಿದೂ ಓಡಿಸಿದ್ದರೆ ಡ್ರೈವರನ್ನು ಕೇಳಲಿ. ಅಂಥ ಡ್ರೈವರುಗಳೂ ನಮ್ಮಲ್ಲಿದ್ದಾರೆ, ಇಲ್ಲವೆನ್ನಲಾರೆ. ಆದರೆ ಕೇಳುವ ಮೊದಲು ಶಾಕ್ ಅಬ್ಸಾರ್ಬರು ನೋಡಿದ್ದೀರಾ, ಬೇರಿಂಗು ನೋಡಿದ್ದೀರಾ, ಚಕ್ರ ಬ್ಯಾಲೆನ್ಸ್ ಮಾಡಿಸಿದ ರಶೀದಿ ಇದೆಯೇ ಎಂದು ಅವನೂ ಕೇಳಬಹುದು. ಬ್ಯಾಟಾ ಎಂದರೆ ಸಂಬಳವಲ್ಲ, ಆದ್ದರಿಂದ ಅದರಲ್ಲಿ ಮುರಿದರೆ ಅಡ್ಡಿಯಿಲ್ಲ ಎಂದು ಒಬ್ಬ ಗುಮಾಸ್ತನು ನನಗೆ ಪಾಠ ಹೇಳಿದನು. ದಾರಿಯಲ್ಲಿ ಉಣ್ಣುವ ದುಡ್ಡನ್ನು ಸಂಬಳವಲ್ಲವೆಂದು ಕಿತ್ತುಕೊಂಡರೆ ಡ್ರೈವರು ಉಣ್ಣುವುದು ಏನನ್ನು ಎಂದು ನಾನು ಕೇಳಿದ್ದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ಡ್ರೈವರು ಬಂಧುಗಳಿಗೆ ನನ್ನ ಬಿನ್ನಹ: ನಡುಕ ಶುರುವಾದ ದಿನವೇ ಬರೆದಿಡಿರಿ. ಯಾವ ವೇಗದಲ್ಲಿ, ಹೊರೆಯಿದ್ದಾಗಲೋ ಖಾಲಿಯಿದ್ದಾಗಲೋ, ಸ್ಟೇರಿಂಗಿನಲ್ಲೋ ಸೀಟಿನಲ್ಲೋ. ಒಂದು ನಿರ್ದಿಷ್ಟ ವೇಗದಲ್ಲಿ ಬಂದು ಅದನ್ನು ದಾಟಿದರೆ ಇಳಿಯುವ ನಡುಕಕ್ಕೆ ಅಸಮತೋಲದ ಸಂಶಯ ಹೆಚ್ಚು. ಎಲ್ಲಾ ವೇಗದಲ್ಲೂ ಇರುವ ಕುಲುಕಾಟಕ್ಕೆ ಬೇರೆ ಕಾರಣ ಹುಡುಕಬೇಕು. ಮಾಲೀಕರಿಗೆ ಬಾಯಲ್ಲಿ ಹೇಳಿದ್ದು ಸಾಲದು. ಚೀಟಿಯಲ್ಲಿ ಬರೆದು, ಒಂದು ಪ್ರತಿಯನ್ನು ಕ್ಯಾಬಿನಿನಲ್ಲಿ ಇಟ್ಟುಕೊಳ್ಳಿರಿ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಚೀಟಿಯ ಫೋಟೋ ತೆಗೆಯಲು ಕಾಸು ಬೇಕಿಲ್ಲ.

ನಮ್ಮ ಡ್ರೈವರು ಹಾಗೆಯೇ ಮಾಡಿದನು. ಮೆಕ್ಯಾನಿಕ್ ಕಂಡದ್ದನ್ನು ಬರೆದುಕೊಟ್ಟ ಮೇಲೆ ಮಾಲೀಕರು ಬೇರಿಂಗು ಬಿಗಿ ಮಾಡಿಸಿ, ಎರಡು ಕಡೆಯ ಶಾಕ್ ಅಬ್ಸಾರ್ಬರನ್ನೂ ಬದಲಿಸಿದರು. ತಗ್ಗು ಬಿದ್ದ ಟಯರನ್ನು ಹಿಂದಕ್ಕೆ ಹಾಕಿ, ಮುಂದಕ್ಕೆ ಬೇರೆ ಟಯರು ಬಂತು. ಕಳೆದ ವಾರ ಅವನು ತೊಪ್ಪೂರು ಘಾಟಿ ಇಳಿದು ಸೇಲಂಗೆ ಹೋಗಿ ಬಂದನು. ಸ್ಟೇರಿಂಗು ನಡುಗಲಿಲ್ಲವಂತೆ. ಮಣಿಯ ಪ್ಯಾಕೆಟ್ಟು ಒಡೆಯದೆ ಹಾಗೆಯೇ ನಮ್ಮ ಕೋಣೆಯ ಬೀರುವಿನಲ್ಲಿದೆ. ಅದರ ೬೦೦ ರೂಪಾಯಿಯನ್ನು ಮಾಲೀಕರು ಹಿಂದಕ್ಕೆ ಕೊಟ್ಟಿದ್ದಾರೆ. ೪,೫೦೦ರ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಬರುವ ಬುಧವಾರ ಸಾಯಂಕಾಲ ಆರು ಗಂಟೆಗೆ ಮಾತುಕತೆಗೆ ಕರೆದಿದ್ದಾರೆ, ಮೆಕ್ಯಾನಿಕ್ ಬರೆದ ಕಾಗದವನ್ನೂ ಸವೆದ ಟಯರಿನ ಫೋಟೋವನ್ನೂ ತೆಗೆದುಕೊಂಡು ನಾನೂ ಜೊತೆಗೆ ಹೋಗುತ್ತೇನೆ.